ಹಾರ್ಟ್ ವೀಕ್ ಎಂದು ಆಸ್ಪತ್ರೆ ಸೇರಿ ಮನೆಗೆ ಮರಳಿದವರು ಮಾಡಿಕೊಳ್ಳಬೇಕಾದ ಕೆಲಸಗಳು

ಡಿಸ್ಚಾರ್ಜ್ ದಿನ ಆಸ್ಪತ್ರೆಯಲ್ಲಿ ನಡೆಯುವುದು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಮಗನೋ ಅಳಿಯನೋ ಬಿಲ್ ಕೌಂಟರಿಗೂ ಫಾರ್ಮಸಿಗೂ ಓಡಾಡುತ್ತಿರುತ್ತಾನೆ. ಸಿಸ್ಟರ್ ಮಾತ್ರೆಗಳ ವಿವರ ಹೇಳುವುದು ಅವನಿಗೆ, ಫೈಲ್ ಕೊಡುವುದೂ ಅವನ ಕೈಗೆ. ರೋಗಿ ಹಾಸಿಗೆಯ ಅಂಚಿನಲ್ಲಿ ಚಪ್ಪಲಿ ಮೆಟ್ಟಿಕೊಂಡು ಯಾವಾಗ ಹೊರಡುತ್ತೇವೋ ಎಂದು ಕಾಯುತ್ತಿರುತ್ತಾರೆ. ಮಾರನೆಯ ದಿನ ಮಗ ಕೆಲಸಕ್ಕೆಂದು ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಮಾತ್ರೆ ನುಂಗುವವರಿಗೆ ಯಾವುದು ಯಾತಕ್ಕೆಂದು ಗೊತ್ತಿಲ್ಲ. ಸಾರಿಗೆ ಉಪ್ಪು ಹಾಕುವವರಿಗೆ ಎಷ್ಟು ಹಾಕಬೇಕೆಂದು ಯಾರೂ ಹೇಳಿಲ್ಲ. ಕೆಲವೇ ವಾರಗಳಲ್ಲಿ ಕಾಲು ಊದಿ, ಉಸಿರು ಕಟ್ಟಿ, ಅರ್ಧರಾತ್ರಿಯಲ್ಲಿ ಅದೇ ವಾರ್ಡಿಗೆ ವಾಪಸ್.

ಈ ಲೇಖನ ಹೃದಯ ವೈಫಲ್ಯ ಇರುವವರಿಗಾಗಿ, ಅಂದರೆ ಡಾಕ್ಟರು "ಹಾರ್ಟ್ ವೀಕ್ ಆಗಿದೆ, ಪಂಪಿಂಗ್ ಕಡಿಮೆ ಇದೆ" ಎಂದು ಹೇಳಿರುವವರಿಗಾಗಿ. ಹೃದಯ ನಿಂತುಹೋಗುತ್ತದೆ ಎಂದು ಇದರ ಅರ್ಥವಲ್ಲ. ಮೈಗೆ ಬೇಕಾದಷ್ಟು ರಕ್ತವನ್ನು ಹೃದಯ ದೂಡಲಾರದು. ಆಗ ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಆ ನೀರು ಕಾಲಿಗೆ, ಹೊಟ್ಟೆಗೆ, ಕೊನೆಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮನೆಗೆ ಹೋದವರು ಬೇಗ ಮರಳಿ ದಾಖಲಾಗುವ ಕಾಯಿಲೆಗಳಲ್ಲಿ ಇದು ಮುಂಚೂಣಿಯಲ್ಲಿದೆ. ಅಮೆರಿಕದ ಮೆಡಿಕೇರ್ ವಿಮೆಯಲ್ಲಿದ್ದ ರೋಗಿಗಳ ದಾಖಲೆ ನೋಡಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೃದಯ ವೈಫಲ್ಯದಿಂದ ಬಿಡುಗಡೆಯಾದವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ 30 ದಿನದೊಳಗೆ ಮತ್ತೆ ದಾಖಲಾಗಿದ್ದರು.

ಎಲ್ಲ ಮರುದಾಖಲೆಯನ್ನೂ ತಪ್ಪಿಸಲು ಆಗುವುದಿಲ್ಲ, ಕಾಯಿಲೆಯೇ ಜೋರಾಗುವುದೂ ಉಂಟು. ಆದರೆ ಬಹಳಷ್ಟು ಸಲ ಕಾರಣ ಸಣ್ಣದು: ಬಿಟ್ಟುಹೋದ ಒಂದು ಮಾತ್ರೆ, ಹಬ್ಬದೂಟದ ಉಪ್ಪಿನಕಾಯಿ, ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ತಂದ ಗುಳಿಗೆ. ಇವು ಡಾಕ್ಟರ ಕಣ್ಣಿಗೆ ಬೀಳುವುದಿಲ್ಲ. ರೋಗಿಯ ಕಣ್ಣಿಗೆ, ಅಡುಗೆ ಮಾಡುವವರ ಕಣ್ಣಿಗೆ ಬೀಳುತ್ತವೆ. ಅದಕ್ಕೇ ಈ ಕೆಲಸ ಅವರದಾಗಬೇಕು.

ಮೊದಲು: ಹೇಳುವುದನ್ನು ಯಾರು ಕೇಳಿಸಿಕೊಳ್ಳಬೇಕು

ವಾರ್ಡಿನಲ್ಲಿ ಕೆಲಸ ಮಾಡುವ ನನಗೆ ಎಲ್ಲಕ್ಕಿಂತ ನೋವು ಕೊಡುವ ಮಾತು ಒಂದಿದೆ: "ಸಿಸ್ಟರ್, ಅಪ್ಪಂಗೆ ಏನೂ ಹೇಳ್ಬೇಡಿ, ಹೆದರ್ಕೊತಾರೆ." ಹೇಳುವವರ ಪ್ರೀತಿ ನಿಜ. ಆದರೆ ತನಗೇನಾಗಿದೆ ಎಂದು ಗೊತ್ತಿಲ್ಲದ ಅಪ್ಪ ಕಾಲು ಊದಿದರೆ "ವಯಸ್ಸಾಯ್ತು, ಬಿಡು" ಅನ್ನುತ್ತಾರೆ. ರಾತ್ರಿ ಎರಡು ದಿಂಬು ಸಾಲದೆ ಮೂರನೆಯದು ಬೇಕಾದರೆ ಯಾರಿಗೂ ಹೇಳದೆ ಗೋಡೆಗೆ ಒರಗಿ ಕೂರುತ್ತಾರೆ. ಕಾಯಿಲೆಯ ಹೆಸರು ಹೇಳಲು ಕಷ್ಟವಾದರೆ ಇಷ್ಟಾದರೂ ಹೇಳಿ: "ಅಪ್ಪಾ, ನಿಮ್ಮ ಹೃದಯಕ್ಕೆ ಸ್ವಲ್ಪ ಶಕ್ತಿ ಕಮ್ಮಿಯಾಗಿದೆ. ಮೈಯಲ್ಲಿ ನೀರು ತುಂಬ್ಕೊಳ್ಳುತ್ತೆ. ತುಂಬ್ತಾ ಇದೆ ಅಂತ ಮೊದಲು ಗೊತ್ತಾಗೋದು ನಿಮಗೇ. ಗೊತ್ತಾದ ತಕ್ಷಣ ನಮಗೆ ಹೇಳ್ಬೇಕು." ಇದರಲ್ಲಿ ಸುಳ್ಳಿಲ್ಲ, ಭಯವೂ ಇಲ್ಲ.

ಡಿಸ್ಚಾರ್ಜ್ ಮಾತುಕತೆಗೆ ರೋಗಿ ಕೂರಬೇಕು, ಮನೆಯಲ್ಲಿ ಅಡುಗೆ ಮಾಡುವವರೂ ಕೂರಬೇಕು. ಅವರು ಊರಿನಲ್ಲೇ ಇದ್ದರೆ ಫೋನ್ ಸ್ಪೀಕರಿನಲ್ಲಿ ಹಾಕಿ ಕೇಳಿಸಿ. ಸಿಸ್ಟರ್ ಅಥವಾ ಡಾಕ್ಟರನ್ನು ಕೇಳಿ ಅವರು ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದು. ಅನುಮತಿ ಕೇಳಿದರೆ ಬಹುತೇಕರು ಬೇಡವೆನ್ನುವುದಿಲ್ಲ.

ರೋಗಿಯೇ ಮನೆಯೊಡತಿಯಾಗಿದ್ದರೆ ಇನ್ನೂ ಎಚ್ಚರ ಬೇಕು. ಗಂಡಸರು ಡಿಸ್ಚಾರ್ಜ್ ಆದರೆ ಮಂಚಕ್ಕೆ ಹೋಗುತ್ತಾರೆ, ಹೆಂಗಸರು ಡಿಸ್ಚಾರ್ಜ್ ಆದರೆ ಅಡುಗೆಮನೆಗೆ. ಎಲ್ಲರಿಗೂ ಬಡಿಸಿ, ಉಳಿದದ್ದು ತಿಂದು, ಮಾತ್ರೆಯ ಹೊತ್ತು ಮೀರಿದ ಮೇಲೆ ನೆನಪಿಸಿಕೊಳ್ಳುವ ಅಮ್ಮಂದಿರನ್ನು ತುಂಬ ನೋಡಿದ್ದೇನೆ. ಇಂಥ ಮನೆಯಲ್ಲಿ ಮಾತ್ರೆ ಕೊಡುವ ಹೊಣೆಯನ್ನು ಒಬ್ಬರು ಹೆಸರು ಹೇಳಿ ವಹಿಸಿಕೊಳ್ಳಬೇಕು. ಮೊದಲ ಕೆಲವು ವಾರವಾದರೂ ನೀರು ತುಂಬಿದ ಬಿಂದಿಗೆ, ಒದ್ದೆ ಬಟ್ಟೆಯ ಬಕೆಟ್ಟು ಅವರ ಕೈಗೆ ಹೋಗಬಾರದು.

ಎರಡನೆಯದು: ಹೊರಡುವ ಮುಂಚೆ ಕೇಳಿ ಬರೆದುಕೊಳ್ಳುವುದು

ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಕನ್ನಡದಲ್ಲೇ ಇರಲಿ:

ಈ ಸಲ ಉಸಿರು ಕಟ್ಟಲು ಕಾರಣ ಏನು?
ಎಕೋದಲ್ಲಿ (ಹೃದಯದ ಸ್ಕ್ಯಾನ್) ಇ.ಎಫ್., ಅಂದರೆ ಹೃದಯದ ಪಂಪಿಂಗ್ ಪ್ರಮಾಣ, ಎಷ್ಟಿದೆ?
ಇವತ್ತಿನ ತೂಕ ಎಷ್ಟು?
ದಿನಕ್ಕೆ ಎಷ್ಟು ನೀರು ಕುಡಿಯಬಹುದು?
ಮುಂದಿನ ಭೇಟಿ ಯಾವ ತಾರೀಖು, ಅವತ್ತು ಯಾವ ರಕ್ತಪರೀಕ್ಷೆ ಬೇಕು?
ತೊಂದರೆಯಾದರೆ ಹಗಲು ಯಾವ ನಂಬರಿಗೆ, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು?

ಇವುಗಳಲ್ಲಿ ಮೂರನೆಯದನ್ನು ಯಾವ ಕಾರಣಕ್ಕೂ ಬಿಡಬೇಡಿ. ಮೈಯ ಹೆಚ್ಚುವರಿ ನೀರೆಲ್ಲ ಇಳಿದ ಮೇಲಿನ ತೂಕವನ್ನು ಆಸ್ಪತ್ರೆಯಲ್ಲಿ 'ಡ್ರೈ ವೇಟ್' ಅನ್ನುತ್ತಾರೆ. ಮನೆಯಲ್ಲಿ ಮುಂದೆ ಅಳೆಯುವ ಎಲ್ಲ ತೂಕವನ್ನೂ ಇದರ ಜೊತೆಗೇ ಹೋಲಿಸಬೇಕು.

ಉತ್ತರ ಸಿಕ್ಕಿದ ಮೇಲೆ ಸುಮ್ಮನೆ ತಲೆಯಾಡಿಸಿ ಏಳಬೇಡಿ. "ಡಾಕ್ಟ್ರೇ, ನನಗೆ ಅರ್ಥ ಆಗಿದ್ದನ್ನ ಒಂದ್ಸಲ ಹೇಳ್ತೀನಿ, ತಪ್ಪಿದ್ರೆ ತಿದ್ದಿ" ಎಂದು ರೋಗಿಯೇ ಹೇಳಲಿ. ಓಪಿಡಿಯ ಗಡಿಬಿಡಿಯಲ್ಲಿ ಇದಕ್ಕೆ ಸಂಕೋಚವಾಗುವುದು ಸಹಜ, ಆದರೂ ಹೇಳಿ. ಅರ್ಧಕ್ಕರ್ಧ ಗೊಂದಲ ಅಲ್ಲೇ ಹೊರಬರುತ್ತದೆ. ಹೀಗೆ ರೋಗಿಗೂ ಜೊತೆಗಿರುವವರಿಗೂ ಕಲಿಸುವುದರಿಂದ ಫಲವಿದೆಯೇ ಎಂದು ಅಮೆರಿಕದ ಕೊಲೊರಾಡೊದಲ್ಲಿ 750 ಹಿರಿಯ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಅಲ್ಲಿನ ಮಾರ್ಗದರ್ಶಕಿಯರು ರೋಗಿಯ ಪರವಾಗಿ ಕೆಲಸ ಮಾಡಿಕೊಡಲಿಲ್ಲ. ಮಾತ್ರೆ ನೋಡಿಕೊಳ್ಳುವುದು, ದಾಖಲೆ ಇಟ್ಟುಕೊಳ್ಳುವುದು, ಅಪಾಯದ ಲಕ್ಷಣ ಗುರುತಿಸುವುದನ್ನು ಕಲಿಸಿದರು. ಕಲಿತವರಲ್ಲಿ 30 ದಿನದೊಳಗೆ ಮರಳಿ ದಾಖಲಾದವರು ಶೇ. 8.3; ಉಳಿದವರಲ್ಲಿ ಶೇ. 11.9. ನಮ್ಮಲ್ಲೂ ನೂರಾ ಹೆಲ್ತ್ ಸಂಸ್ಥೆಯವರು ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳ ಸಿಸ್ಟರ್‌ಗಳಿಗೆ ತರಬೇತಿ ಕೊಟ್ಟು, ರೋಗಿಯ ಜೊತೆಗಿರುವವರಿಗೆ ವಾರ್ಡಿನಲ್ಲೇ ಪಾಠ ನಡೆಸುವಂತೆ ಮಾಡಿದ್ದಾರೆ. ನಿಮ್ಮ ಆಸ್ಪತ್ರೆಯಲ್ಲಿ ಇಂಥದ್ದಿದ್ದರೆ ತಪ್ಪದೆ ಕೂತು ಕೇಳಿ.

ಡಿಸ್ಚಾರ್ಜ್ ಸಮ್ಮರಿ ಕೈಗೆ ಬರದೆ ಹೊರಡಬೇಡಿ. ದಾಖಲೆಗಳನ್ನು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮವೇ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಚಿಕಿತ್ಸೆ ಪಡೆದಿದ್ದರೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಂಡು, ಬಿಡುಗಡೆಯ ನಂತರದ ಔಷಧಿಗಳ ಬಗ್ಗೆ ವಿಚಾರಿಸಿ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಬಿಡುಗಡೆಯ ನಂತರದ 15 ದಿನಗಳ ಔಷಧಿ, ಪರೀಕ್ಷೆಗಳ ಖರ್ಚೂ ಸೇರಿರುತ್ತದೆ.

ಮೂರನೆಯದು: ಮಾತ್ರೆಗಳ ಚೀಲ

ಮನೆ ಮುಟ್ಟಿದ ದಿನವೇ ಹಳೆಯ ಮಾತ್ರೆಗಳನ್ನೆಲ್ಲ ಒಂದು ಕಡೆ ಸುರಿಯಿರಿ. ಹೊಸ ಪಟ್ಟಿ ಕೈಯಲ್ಲಿರಲಿ. ಸ್ಟ್ರಿಪ್ಪಿನ ಮೇಲೆ ಕಂಪನಿ ಇಟ್ಟ ಹೆಸರು ಒಂದು, ಔಷಧಿಯ ಹೆಸರು ಇನ್ನೊಂದು ಇರುತ್ತದೆ. ಔಷಧಿಯ ಹೆಸರನ್ನೇ ಓದಬೇಕು. ಹಳೆಯ ಚೀಲದಲ್ಲಿ ಒಂದು ಕಂಪನಿಯ ಮೆಟೊಪ್ರೊಲಾಲ್, ಹೊಸದರಲ್ಲಿ ಇನ್ನೊಂದು ಕಂಪನಿಯ ಮೆಟೊಪ್ರೊಲಾಲ್ ಇದ್ದು, ಎರಡನ್ನೂ ನುಂಗಿ ತಲೆಸುತ್ತಿ ಬಿದ್ದು ಬರುವವರಿದ್ದಾರೆ. ಹೊಸ ಪಟ್ಟಿಯಲ್ಲಿ ಇಲ್ಲದ ಮಾತ್ರೆಯನ್ನು ಬೇರೆ ಡಬ್ಬಿಗೆ ಹಾಕಿ, ಡಾಕ್ಟರನ್ನು ಕೇಳುವವರೆಗೂ ಮುಟ್ಟಬೇಡಿ. ಅದು ಸಕ್ಕರೆ ಕಾಯಿಲೆಯದೋ ಥೈರಾಯ್ಡಿನದೋ ಆಗಿದ್ದರೆ ಕೇಳುವುದನ್ನು ನಾಳೆಗೆ ಮುಂದೂಡಬೇಡಿ, ಪಟ್ಟಿಯಲ್ಲಿ ಬಿಟ್ಟುಹೋಗಿರಬಹುದು.

ಚೀಟಿಯ ಅಕ್ಷರಗಳ ಅರ್ಥ ತಿಳಿದಿರಲಿ. ಓಡಿ ಎಂದರೆ ದಿನಕ್ಕೆ ಒಮ್ಮೆ, ಬಿಡಿ ಎಂದರೆ ಎರಡು ಸಲ, ಟಿಡಿಎಸ್ ಎಂದರೆ ಮೂರು ಸಲ, ಎಚ್‌ಎಸ್ ಎಂದರೆ ಮಲಗುವಾಗ, ಎಸ್‌ಒಎಸ್ ಎಂದರೆ ತೊಂದರೆ ಇದ್ದಾಗ ಮಾತ್ರ. ಓದು ಬಾರದವರಿಗೆ ಸ್ಟ್ರಿಪ್ಪಿನ ಮೇಲೆ ಸ್ಕೆಚ್ ಪೆನ್ನಿನಿಂದ ಸೂರ್ಯ, ಚಂದ್ರ ಬರೆದುಕೊಡಿ.

ಪ್ರತಿ ಮಾತ್ರೆಯ ಮುಂದೆ 'ಯಾತಕ್ಕೆ' ಎಂದು ಒಂದು ಸಾಲು ಬರೆದಿಡುವುದು ತುಂಬ ಮುಖ್ಯ. ಇದಕ್ಕೆ ಕಾರಣವಿದೆ. ಡಾಪಾಗ್ಲಿಫ್ಲೋಜಿನ್ ಮೊದಲು ಬಂದದ್ದು ಸಕ್ಕರೆ ಕಾಯಿಲೆಗೆ. ಈಗ ಸಕ್ಕರೆ ಕಾಯಿಲೆ ಇಲ್ಲದವರಿಗೂ ಹೃದಯ ವೈಫಲ್ಯಕ್ಕೆ ಕೊಡುತ್ತಾರೆ. ಪಕ್ಕದ ಮನೆಯವರು ನೋಡಿ "ಅಯ್ಯೋ, ಇದು ಶುಗರ್ ಮಾತ್ರೆ, ನಿಮಗ್ಯಾಕೆ?" ಅನ್ನುತ್ತಾರೆ, ಅಲ್ಲಿಗೆ ಅದು ನಿಂತಿತು. ಮೆಟೊಪ್ರೊಲಾಲ್, ಕಾರ್ವೆಡಿಲಾಲ್, ರಾಮಿಪ್ರಿಲ್‌ಗಳನ್ನು 'ಬಿಪಿ ಮಾತ್ರೆ' ಎಂದುಕೊಂಡು, ಬಿಪಿ ನಾರ್ಮಲ್ ಬಂದ ದಿನ ಬಿಟ್ಟುಬಿಡುವವರೂ ಇದ್ದಾರೆ. ಅವನ್ನು ಕೊಟ್ಟಿರುವುದು ಹೃದಯಕ್ಕೆ. ಮೆಟೊಪ್ರೊಲಾಲ್‌ನಂಥ ಮಾತ್ರೆಯನ್ನು ದಿಢೀರ್ ನಿಲ್ಲಿಸುವುದು ಅಪಾಯ.

ಇನ್ನು ನೀರಿಳಿಸುವ ಮಾತ್ರೆ: ಫ್ಯೂರೊಸೆಮೈಡ್, ಟಾರ್ಸೆಮೈಡ್. ತೆಗೆದುಕೊಂಡ ಕೆಲವು ಗಂಟೆ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ಮದುವೆಗೆ, ಸಂತೆಗೆ, ಬಸ್ಸಿನ ಪ್ರಯಾಣಕ್ಕೆ ಹೊರಟ ದಿನ ಜನ ಇದನ್ನೇ ಬಿಡುತ್ತಾರೆ. ಹೆಂಗಸರಿಗಂತೂ ದಾರಿಯಲ್ಲಿ ಶೌಚಾಲಯ ಸಿಗದ ಕಷ್ಟ ಸಣ್ಣದಲ್ಲ. ಬಿಡುವ ಬದಲು ಮೊದಲೇ ಡಾಕ್ಟರನ್ನು ಕೇಳಿ: "ಊರಿಗೆ ಹೋಗೋ ದಿನ ಬೆಳಿಗ್ಗೆ ಬದಲು ತಲುಪಿದ ಮೇಲೆ ತಗೊಳ್ಳಬಹುದಾ?" ಅನೇಕರಿಗೆ ಹೊತ್ತು ಬದಲಿಸಲು ಒಪ್ಪುತ್ತಾರೆ. ಏಕಾದಶಿ, ರಂಜಾನ್ ಉಪವಾಸಗಳ ಬಗ್ಗೆಯೂ ಹೀಗೇ ಮುಂಚಿತವಾಗಿ ಕೇಳಿ. ವಾಂತಿ ಭೇದಿಯಾಗಿ ಊಟ ಸೇರದಿದ್ದರೆ ಅವತ್ತೇ ಫೋನ್ ಮಾಡಿ, ಯಾವ ಮಾತ್ರೆ ನಿಲ್ಲಿಸಬೇಕೆಂದು ಕೇಳಿ.

ಮಂಡಿನೋವಿಗೆ, ಸೊಂಟನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸಿಕ್ಲೊಫೆನಾಕ್ ಮೈಯಲ್ಲಿ ಉಪ್ಪೂ ನೀರೂ ನಿಲ್ಲುವಂತೆ ಮಾಡುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು. ಅಂಗಡಿಯವರಿಗೆ ಮೊದಲೇ "ನನಗೆ ಹಾರ್ಟ್ ವೀಕ್ ಇದೆ" ಎಂದು ಹೇಳಿ. ಗ್ಯಾಸ್ಟ್ರಿಕ್ಕಿಗೆಂದು ನೀರಿನಲ್ಲಿ ನೊರೆಯೇಳುವ ಪುಡಿಗಳಲ್ಲಿ ಉಪ್ಪಿನಲ್ಲಿರುವ ಸೋಡಿಯಂ ತುಂಬ ಇರುತ್ತದೆ, ಅವೂ ಬೇಡ.

ದುಡ್ಡು ಸಾಲದೆ ದಿನಬಿಟ್ಟು ದಿನ ನುಂಗುತ್ತಿದ್ದರೆ ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಇದರಲ್ಲಿ ನಾಚಿಕೆಯೇನಿಲ್ಲ. ಜನೌಷಧಿ ಕೇಂದ್ರಗಳಲ್ಲಿ ಈ ಮಾತ್ರೆಗಳಲ್ಲಿ ಹಲವು ಅಗ್ಗಕ್ಕೆ ಸಿಗುತ್ತವೆ. ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಮುಗಿದ ಮೇಲೆ ಅದರ ಬೆಲೆಯೂ ಬಹಳ ಇಳಿದಿದೆ. ಹೇಳದಿದ್ದರೆ ಡಾಕ್ಟರು ಮಾತ್ರೆ ಕೆಲಸ ಮಾಡುತ್ತಿಲ್ಲವೆಂದು ತಿಳಿದು ಇನ್ನೊಂದನ್ನು ಸೇರಿಸುತ್ತಾರೆ.

ನಾಲ್ಕನೆಯದು: ಬೆಳಗಿನ ತೂಕ

ಒಂದು ಡಿಜಿಟಲ್ ತೂಕದ ಯಂತ್ರ ಕೊಳ್ಳಿ. ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಒಂದು ರಾತ್ರಿಯ ಐಸಿಯು ಬಿಲ್ಲಿನ ಮುಂದೆ ಅದು ಏನೂ ಅಲ್ಲ. ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ತಿಂಡಿಗೆ ಮುಂಚೆ, ದಿನವೂ ಒಂದೇ ಥರದ ಹಗುರ ಬಟ್ಟೆಯಲ್ಲಿ, ಗಟ್ಟಿ ನೆಲದ ಮೇಲೆ ಯಂತ್ರವಿಟ್ಟು ನಿಲ್ಲಿ. ಬಂದ ಅಂಕಿಯನ್ನು ತಾರೀಖಿನ ಜೊತೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ರೋಗಿಯೇ ಬರೆದರೆ ಒಳ್ಳೆಯದು. ಯಂತ್ರ ಕೊಳ್ಳಲಾಗದಿದ್ದರೆ ಹತ್ತಿರದ ಆರೋಗ್ಯ ಉಪಕೇಂದ್ರದಲ್ಲಿ ತೂಕ ನೋಡಿಸಲು ಸಾಧ್ಯವೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಇದಕ್ಕೇಕೆ ಇಷ್ಟು ಒತ್ತು? ಒಂದು ಲೀಟರ್ ನೀರಿನ ತೂಕ ಒಂದು ಕೆ.ಜಿ. ಕೊಬ್ಬು ಎರಡು ದಿನದಲ್ಲಿ ಎರಡು ಕೆ.ಜಿ. ಏರುವುದಿಲ್ಲ, ನೀರು ಏರುತ್ತದೆ. ಉಸಿರು ಕಟ್ಟುವ ಮುಂಚೆಯೇ ಎಷ್ಟೋ ಸಲ ಯಂತ್ರ ಅದನ್ನು ತೋರಿಸಿರುತ್ತದೆ. ಮೂರು ದಿನದೊಳಗೆ 2 ಕೆ.ಜಿ.ಗಿಂತ ಹೆಚ್ಚು ಏರಿದರೆ, ಮೈ ಚೆನ್ನಾಗಿದೆ ಅನಿಸಿದರೂ ಅವತ್ತೇ ಫೋನ್ ಮಾಡಬೇಕು. ತೂಕ ಇಳಿಯುತ್ತಾ ಹೋಗಿ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿದ್ದರೂ ಫೋನ್ ಮಾಡಿ, ನೀರು ಅತಿಯಾಗಿ ಇಳಿದಿರಬಹುದು.

ತೂಕದ ಜೊತೆಗೇ ಕಾಲನ್ನೂ ನೋಡಿಕೊಳ್ಳಿ. ಮೊಣಕಾಲ ಕೆಳಗೆ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳನ್ನು ಕೆಲವು ಸೆಕೆಂಡ್ ಒತ್ತಿ ತೆಗೆದರೆ ಗುಳಿ ಉಳಿಯುತ್ತದೆಯೇ? ರಾತ್ರಿ ಎಷ್ಟು ದಿಂಬು ಬೇಕಾಯಿತು? ಅದನ್ನೂ ಒಂದೊಂದು ಪದದಲ್ಲಿ ಬರೆದಿಡಿ.

ತೂಕ ಏರಿದಾಗ ನೀರಿನ ಮಾತ್ರೆಯನ್ನು ಎಷ್ಟು ಹೆಚ್ಚಿಸಬೇಕು, ಎಷ್ಟು ದಿನ ಎಂದು ಕೆಲವು ಡಾಕ್ಟರುಗಳು ಮೊದಲೇ ಬರೆದುಕೊಡುತ್ತಾರೆ. ಕೇಳಿ ಬರೆಸಿಕೊಳ್ಳಿ. ಬರೆದುಕೊಡದೆ ನೀವೇ ಹೆಚ್ಚಿಸಿಕೊಳ್ಳಬೇಡಿ.

ಐದನೆಯದು: ಉಪ್ಪು, ನೀರು

ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ವಯಸ್ಕರಿಗೂ ಹೇಳುತ್ತದೆ. ಅಂದರೆ ಮಟ್ಟಸವಾದ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ, ತಿಂಡಿ ಊಟ ಎಲ್ಲ ಸೇರಿ. ನಿಮ್ಮ ಡಾಕ್ಟರು ಬೇರೆ ಲೆಕ್ಕ ಹೇಳಿದ್ದರೆ ಅದನ್ನೇ ಪಾಲಿಸಿ. "ಉಪ್ಪು ಕಮ್ಮಿ ಮಾಡಿ" ಎಂದರೆ ಅಡುಗೆಮನೆಯಲ್ಲಿ ಏನೂ ಆಗುವುದಿಲ್ಲ, ಕೈ ಅಳತೆ ಹಾಗೇ ಇರುತ್ತದೆ. ಬೆಳಿಗ್ಗೆ ರೋಗಿಯ ಇಡೀ ದಿನದ ಉಪ್ಪನ್ನು ಸಣ್ಣ ಡಬ್ಬಿಗೆ ಅಳೆದು ಹಾಕಿಡಿ. ಸಾರು, ಪಲ್ಯಕ್ಕೆ ಉಪ್ಪು ಹಾಕುವ ಮುಂಚೆ ಅವರ ಪಾಲು ತೆಗೆದು, ಆ ಡಬ್ಬಿಯಿಂದಲೇ ಹಾಕಿ. ಡಬ್ಬಿ ಖಾಲಿಯಾದರೆ ಅವತ್ತಿನ ಉಪ್ಪು ಮುಗಿಯಿತು. ನಿಂಬೆರಸ, ಹುಣಸೆ, ಶುಂಠಿ, ಕಾಳುಮೆಣಸು, ಬೆಳ್ಳುಳ್ಳಿ ಒಗ್ಗರಣೆ ಇದ್ದರೆ ನಾಲಿಗೆ ಕೆಲವು ವಾರದಲ್ಲಿ ಒಗ್ಗಿಕೊಳ್ಳುತ್ತದೆ. ಮುದ್ದೆ, ಚಪಾತಿ, ಜೋಳದ ರೊಟ್ಟಿಗೆ ಉಪ್ಪು ಹಾಕುವ ಅಗತ್ಯವೇ ಇಲ್ಲ.

ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಚಟ್ನಿಪುಡಿ, ಒಣಮೀನು, ಬೇಕರಿಯ ಖಾರ, ಬ್ರೆಡ್ಡು: ಇವುಗಳ ಉಪ್ಪು ಡಬ್ಬಿಯ ಲೆಕ್ಕಕ್ಕೆ ಸಿಗುವುದಿಲ್ಲ. ಊಟದ ಜೊತೆ ಬರುವ ಇವನ್ನು ರೋಗಿಯ ತಟ್ಟೆಯಿಂದ ದೂರವಿಡಿ. ಸೈಂಧವ ಲವಣವೂ ಉಪ್ಪೇ, ಅದರಲ್ಲಿರುವುದೂ ಸೋಡಿಯಂ. 'ಲೋ ಸೋಡಿಯಂ' ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್ ತೆಗೆದುಕೊಳ್ಳುವವರಲ್ಲಿ, ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ರಕ್ತದ ಪೊಟ್ಯಾಸಿಯಂ ಏರಿ ಹೃದಯ ಬಡಿತವೇ ಏರುಪೇರಾಗಬಹುದು. ದಿನವೂ ಎಳನೀರು ಕುಡಿಯುವ ಮುಂಚೆಯೂ ಇದೇ ಕಾರಣಕ್ಕೆ ಡಾಕ್ಟರನ್ನು ಕೇಳಿ.

ನೀರಿಗೆ ಮಿತಿ ಎಲ್ಲರಿಗೂ ಇರುವುದಿಲ್ಲ. ಒಂದೂವರೆ ಲೀಟರ್ ಎಂದು ಹೇಳಿದ್ದರೆ ಬೆಳಿಗ್ಗೆ ಅಷ್ಟು ನೀರನ್ನು ಪಾತ್ರೆಯಲ್ಲಿ ತುಂಬಿಡಿ. ಕಾಫಿ, ಮಜ್ಜಿಗೆ, ಅಂಬಲಿ ಕುಡಿದಾಗ ಅಷ್ಟೇ ನೀರನ್ನು ಅದರಿಂದ ತೆಗೆದುಬಿಡಿ. ಉಳಿದದ್ದು ಕುಡಿಯಲು.

ಬೀಡಿ, ಸಿಗರೇಟು, ಮದ್ಯ ಬಿಡಬೇಕು. ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆಯ ಬಗ್ಗೆ ಡಾಕ್ಟರನ್ನು ಕೇಳಿ. ಮಾತಾಡುತ್ತಾ ನಡೆಯಲು ಆಗುವಷ್ಟು ನಡಿಗೆ ಒಳ್ಳೆಯದು.

ಆರನೆಯದು: ಮೊದಲ ಭೇಟಿ

ಬಿಡುಗಡೆಯಾಗಿ ಒಂದರಿಂದ ಎರಡು ವಾರದೊಳಗೆ ಡಾಕ್ಟರನ್ನು ಮತ್ತೆ ಕಾಣಲೇಬೇಕು. "ಈಗ ಆರಾಮಿದ್ದೀನಲ್ಲ" ಎಂದು ತಪ್ಪಿಸುವುದು ಇದನ್ನೇ. ಮೇಲೆ ಹೇಳಿದ 2009ರ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯಲ್ಲದ ಕಾಯಿಲೆಗೆ ದಾಖಲಾಗಿ ತಿಂಗಳೊಳಗೆ ಮರಳಿದವರಲ್ಲಿ ಅರ್ಧದಷ್ಟು ಮಂದಿ ನಡುವೆ ಒಮ್ಮೆಯೂ ವೈದ್ಯರ ಬಳಿ ಹೋದ ದಾಖಲೆ ಇರಲಿಲ್ಲ.

ಆರಾಮಿದ್ದಾಗಲೂ ಕರೆಯುವುದಕ್ಕೆ ಕಾರಣವಿದೆ. ಹೃದಯದ ಮಾತ್ರೆಗಳನ್ನು ಸಣ್ಣ ಡೋಸಿನಲ್ಲಿ ಶುರುಮಾಡಿ, ಬಿಪಿ, ನಾಡಿಬಡಿತ, ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಎಂದು ತೋರಿಸುವ ಅಂಶ), ಪೊಟ್ಯಾಸಿಯಂ ನೋಡಿಕೊಂಡು ಏರಿಸಬೇಕು. 14 ದೇಶಗಳ 1078 ರೋಗಿಗಳನ್ನು ಒಳಗೊಂಡ ಸ್ಟ್ರಾಂಗ್-ಎಚ್‌ಎಫ್ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು. ಬಿಡುಗಡೆಯಾದ ಎರಡೇ ವಾರದಲ್ಲಿ ಪೂರ್ಣ ಡೋಸಿಗೆ ಏರಿಸಿ, ಮತ್ತೆ ಮತ್ತೆ ಕರೆಸಿ ನೋಡಿದವರಲ್ಲಿ ಆರು ತಿಂಗಳೊಳಗೆ ಸಾವು ಅಥವಾ ಹೃದಯ ವೈಫಲ್ಯದ ಮರುದಾಖಲೆ ಶೇ. 15.2. ಮಾಮೂಲಿ ಆರೈಕೆಯವರಲ್ಲಿ ಅದು ಶೇ. 23.3. ಭೇಟಿಗೆ ನೋಟ್‌ಬುಕ್, ಎಲ್ಲ ಮಾತ್ರೆಯ ಸ್ಟ್ರಿಪ್, ಡಿಸ್ಚಾರ್ಜ್ ಸಮ್ಮರಿ ಒಯ್ಯಿರಿ. ಡಾಕ್ಟರಿಗೆ ತೂಕದ ಪುಟವನ್ನೇ ಮೊದಲು ತೋರಿಸಿ.

ಏಳನೆಯದು: ವಾಪಸ್ ಹೋಗಬೇಕಾದಾಗ

ಮರಳಿ ಆಸ್ಪತ್ರೆಗೆ ಹೋದರೆ ಸೋತಂತೆ ಎಂದು ಬಹಳ ಜನ ತಿಳಿಯುತ್ತಾರೆ, ಮಕ್ಕಳಿಗೆ ಮತ್ತೆ ಖರ್ಚು ಎಂದು ಬಾಯಿ ಮುಚ್ಚಿಕೊಂಡಿರುತ್ತಾರೆ. ಕಾಲು ಊದಿದ ಸೋಮವಾರ ಓಪಿಡಿಗೆ ಹೋದರೆ ಮಾತ್ರೆ ಹೆಚ್ಚಿಸಿ ಕಳಿಸಬಹುದು. ಶುಕ್ರವಾರದವರೆಗೆ ತಡೆದುಕೊಂಡರೆ ಆಕ್ಸಿಜನ್ ಹಾಕಬೇಕಾಗುತ್ತದೆ.

ತೂಕ ಏರುವುದು, ಕಾಲು ಹೊಟ್ಟೆ ಊದುವುದು, ಮಲಗಿದರೆ ಕೆಮ್ಮು, ದಿಂಬು ಹೆಚ್ಚು ಬೇಕಾಗುವುದು, ಹೊಟ್ಟೆ ಉಬ್ಬಿ ಊಟ ಸೇರದಿರುವುದು, ನಿನ್ನೆ ನಡೆದಷ್ಟು ದೂರ ಇವತ್ತು ಆಗದಿರುವುದು: ಇವುಗಳಲ್ಲಿ ಯಾವುದೊಂದು ಕಂಡರೂ ಅವತ್ತೇ ಆಸ್ಪತ್ರೆಗೆ ಫೋನ್. ಯಾರೂ ಸಿಗದಿದ್ದರೆ ಸಲಹೆಗೆ 104 ಸಹಾಯವಾಣಿ ಇದೆ. ಕೂತಲ್ಲೇ ಏದುಸಿರು, ಎದೆನೋವು, ಎಚ್ಚರ ತಪ್ಪುವುದು, ನೊರೆ ಅಥವಾ ರಕ್ತದ ಕಫ, ತುಟಿ ನೀಲಿಗಟ್ಟುವುದು ಕಂಡರೆ ಸಲಹೆ ಕೇಳುತ್ತಾ ಕೂರದೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ರೋಗಿಯನ್ನು ಮಲಗಿಸಬೇಡಿ, ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ. ನೋಟ್‌ಬುಕ್ಕು, ಫೈಲು, ಮಾತ್ರೆಯ ಚೀಲ ಬಾಗಿಲ ಹತ್ತಿರದ ಒಂದೇ ಕೈಚೀಲದಲ್ಲಿ ಸದಾ ಇರಲಿ. ರಾತ್ರಿ ಡ್ಯೂಟಿಯಲ್ಲಿರುವ ಡಾಕ್ಟರಿಗೆ ನೀವು ಹೊಸಬರು. ಕೊನೆಯ ಹತ್ತು ದಿನದ ತೂಕ ಅವರ ಮುಂದಿದ್ದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ.

ಮತ್ತೆ ದಾಖಲಾದರೆ, ಎರಡನೆಯ ಡಿಸ್ಚಾರ್ಜಿಗೆ ಮುಂಚೆ ಡಾಕ್ಟರ ಹತ್ತಿರ ಕೂತು ಕೇಳಿ: "ಈ ಸಲ ಏನಾಗಿ ಬಂದ್ವಿ? ಮನೇಲಿ ಏನು ಬದಲಾಗ್ಬೇಕು? ಯಾವ ಮಾತ್ರೆ ಬದಲಾಯ್ತು?" ಉಪ್ಪಿನ ವಿಷಯವೋ, ಬಿಟ್ಟ ಮಾತ್ರೆಯ ವಿಷಯವೋ ಇದ್ದರೆ ಮುಚ್ಚಿಡದೆ ಹೇಳಿ; ಬಯ್ಯುವವರು ಬಯ್ಯಲಿ, ಕಾರಣ ಗೊತ್ತಾದರೆ ಬೇಡದ ಪರೀಕ್ಷೆಗಳು ತಪ್ಪುತ್ತವೆ. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದು ಅದೇ ಪ್ರಶ್ನೆಗಳಿಗೆ ಮತ್ತೆ ಉತ್ತರ ಬರೆದುಕೊಳ್ಳಿ. ಡ್ರೈ ವೇಟ್ ಈ ಸಲ ಬದಲಾಗಿರಬಹುದು, ಹಳೆಯದನ್ನು ಹೊಡೆದು ಹಾಕಿ ಹೊಸದನ್ನು ಬರೆಯಿರಿ.